ಸೋತದ್ದು ಸರ್ಕಾರ, ಉತ್ತರ ಹೇಳುವವರು ಯಾರು?

ಹಾನಗಲ್ಲಿನ ಠಾಣೆಯಿರಲಿ, ಶಿಗ್ಗಾವಿಯದಿರಲಿ, ಸವಣೂರು ಅಥವಾ ಹಿರೇಕೆರೂರಿನದಿರಲಿ, ಅಲ್ಲಿ ದಾಖಲಾಗಿ ಕೋರ್ಟಿನಲ್ಲಿ ಮುಗಿದ ಯಾವುದಾದರೂ ಕ್ರಿಮಿನಲ್ ಪ್ರಕರಣದ ತೀರ್ಪಿನ ಮೊದಲ ಪುಟ ತೆಗೆದು ನೋಡಿ. ಪೆಟ್ಟು ತಿಂದವರ ಹೆಸರಾಗಲಿ, ಮಗಳನ್ನು ಕಳೆದುಕೊಂಡ ತಂದೆಯ ಹೆಸರಾಗಲಿ ಫಿರ್ಯಾದಿಯ ಜಾಗದಲ್ಲಿ ಕಾಣುವುದಿಲ್ಲ. ಅಲ್ಲಿರುವುದು ‘ಕರ್ನಾಟಕ ಸರ್ಕಾರ, ಇಂಥ ಪೊಲೀಸ್ ಠಾಣೆಯ ಮೂಲಕ’ ಎಂಬ ಸಾಲು. ಎದುರಿಗೆ ಆರೋಪಿಯ ಹೆಸರು. ಅನ್ಯಾಯ ಆದದ್ದು ಒಬ್ಬರಿಗೆ, ಮೊಕದ್ದಮೆ ನಡೆಸುವುದು ಸರ್ಕಾರ. ತನಿಖೆ ಮಾಡುವ ಪಿಎಸ್‌ಐ, ಸಿಪಿಐ ಸರ್ಕಾರದವರು. ವಾದ ಮಂಡಿಸುವ ಅಭಿಯೋಜಕರು ಸರ್ಕಾರದವರು. ರಕ್ತದ ಕಲೆ ಪರೀಕ್ಷಿಸುವ ಪ್ರಯೋಗಾಲಯವೂ ಸರ್ಕಾರದ್ದೇ. ಶಿಕ್ಷೆಯಾದರೆ ಮರುದಿನದ ಪತ್ರಿಕೆಯಲ್ಲಿ ತನಿಖಾಧಿಕಾರಿಯ ಹೆಸರು, ವಾದ ಮಂಡಿಸಿದವರ ಹೆಸರು ಎರಡೂ ಬರುತ್ತವೆ. ಖುಲಾಸೆಯಾದರೆ ಯಾರ ಹೆಸರೂ ಬರುವುದಿಲ್ಲ. ಆ ದಿನ ಸೋತದ್ದು ಸರ್ಕಾರ ಎಂದು ಯಾರೂ ಬರೆಯುವುದಿಲ್ಲ, ಯಾಕೆ ಸೋತಿತು ಎಂದು ಯಾರೂ ಕೇಳುವುದಿಲ್ಲ.

ಈ ಪ್ರಶ್ನೆಯನ್ನು ಹಾವೇರಿ ಜಿಲ್ಲೆಯ ಮಣ್ಣಿನಲ್ಲೇ ನಿಂತು ಕೇಳಬೇಕಾದ ಪ್ರಸಂಗವೊಂದಿದೆ. 2024ರ ಜನವರಿ 8ರಂದು ಹಾನಗಲ್ ತಾಲ್ಲೂಕಿನ ವಸತಿಗೃಹವೊಂದಕ್ಕೆ ಯುವಕರ ಗುಂಪು ನುಗ್ಗಿತು. ಅಲ್ಲಿದ್ದ ಜೋಡಿ ಬೇರೆ ಬೇರೆ ಧರ್ಮದವರು ಎಂಬುದೇ ಆ ಗುಂಪಿಗೆ ಕಾರಣವಾಗಿತ್ತು. ಹೊಡೆದದ್ದಷ್ಟೇ ಅಲ್ಲ, ಮಹಿಳೆಯನ್ನು ಅಲ್ಲಿಂದ ಹೊತ್ತೊಯ್ದು ಸಾಮೂಹಿಕ ಅತ್ಯಾಚಾರ ಎಸಗಿದರು ಎಂಬುದು ಆರೋಪ. ಮೊದಲಿಗೆ ಪೊಲೀಸರು ದಾಖಲಿಸಿಕೊಂಡದ್ದು ಹಲ್ಲೆಯ ಪ್ರಕರಣ. ವಿಡಿಯೊ ಹರಿದಾಡಿ, ಮಹಿಳೆ ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೆ ಕೊಟ್ಟ ಮೇಲೆ ಅತ್ಯಾಚಾರದ ಕಲಂ ಸೇರಿತು. ಮುಂದೆ 2025ರ ಮೇ ತಿಂಗಳಲ್ಲಿ, ಅದುವರೆಗೂ ಜೈಲಿನಲ್ಲಿದ್ದ ಏಳು ಮಂದಿ ಪ್ರಮುಖ ಆರೋಪಿಗಳಿಗೆ ಹಾವೇರಿಯ ನ್ಯಾಯಾಲಯ ಜಾಮೀನು ಕೊಟ್ಟಿತು. ಸಂತ್ರಸ್ತೆ ನ್ಯಾಯಾಲಯದಲ್ಲಿ ಆರೋಪಿಗಳನ್ನು ಖಚಿತವಾಗಿ ಗುರುತಿಸಲಿಲ್ಲ ಎಂದು ಆಗ ವರದಿಯಾಯಿತು. ಹೊರಬಂದವರನ್ನು ಕಾರುಗಳ ಸಾಲಿನಲ್ಲಿ ಅಕ್ಕಿಆಲೂರಿನವರೆಗೆ ಮೆರವಣಿಗೆ ಮಾಡಿಸಿದರು. ಕೈಯೆತ್ತಿ ಗೆಲುವಿನ ಸನ್ನೆ ತೋರಿಸಿದ ಆ ದೃಶ್ಯವನ್ನು ದೇಶವೇ ನೋಡಿತು. ಪೊಲೀಸರು ಮೆರವಣಿಗೆಯ ಬಗ್ಗೆ ಮತ್ತೊಂದು ಪ್ರಕರಣ ದಾಖಲಿಸಿದರು.

ಆ ಏಳು ಜನ ತಪ್ಪಿತಸ್ಥರೋ ಅಲ್ಲವೋ ಎಂಬುದನ್ನು ತೀರ್ಮಾನಿಸುವುದು ನ್ಯಾಯಾಲಯ. ಈ ಲೇಖನ ಅದಕ್ಕೆ ಕೈಹಾಕುವುದಿಲ್ಲ. ಆದರೆ ಮೆರವಣಿಗೆಯ ಮೇಲೆ ಎದ್ದ ಸಿಟ್ಟಿನ ನಡುವೆ ಕೇಳಬೇಕಾಗಿದ್ದ ಮಾತು ತಪ್ಪಿಹೋಯಿತು. ಘಟನೆ ನಡೆದ ದಿನದಿಂದ ಆ ಹೆಣ್ಣುಮಗಳು ಸಾಕ್ಷಿಕಟ್ಟೆ ಏರಿದ ದಿನದವರೆಗೆ ಸರ್ಕಾರ ಅವರ ಬೆನ್ನಿಗೆ ಹೇಗೆ ನಿಂತಿತ್ತು? ಗುರುತು ಪತ್ತೆ ಪೆರೇಡ್ ಎಷ್ಟು ಬೇಗ, ಎಷ್ಟು ಕ್ರಮಬದ್ಧವಾಗಿ ನಡೆಯಿತು? ಅವರಿಗೆ ರಕ್ಷಣೆ ಬೇಕೇ ಎಂದು ಯಾರಾದರೂ ಕೇಳಿದರೇ? 2018ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಸಾಕ್ಷಿ ರಕ್ಷಣಾ ಯೋಜನೆಗೆ ಒಪ್ಪಿಗೆ ಕೊಟ್ಟು, ಸಂಸತ್ತು ಕಾನೂನು ಮಾಡುವವರೆಗೆ ಇದೇ ದೇಶದ ಕಾನೂನು ಎಂದು ಸಾರಿದೆ. ಜಿಲ್ಲಾ ನ್ಯಾಯಾಧೀಶರ ನೇತೃತ್ವದ ಸಮಿತಿ ಬೆದರಿಕೆಯ ಮಟ್ಟ ಅಳೆದು ರಕ್ಷಣೆಗೆ ಆದೇಶಿಸಬೇಕು. ಅಗತ್ಯವಿದ್ದರೆ ಸಾಕ್ಷಿಯ ವಾಸಸ್ಥಳ ಬದಲಿಸಬೇಕು, ಆರೋಪಿಯ ಮುಖಕ್ಕೆ ಮುಖ ಕೊಡದೆ ಸಾಕ್ಷ್ಯ ನುಡಿಯಲು ವ್ಯವಸ್ಥೆ ಮಾಡಬೇಕು. ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 398ನೇ ಕಲಂ ಪ್ರತಿ ರಾಜ್ಯವೂ ಇಂಥ ಯೋಜನೆ ರೂಪಿಸಿ ಅಧಿಸೂಚನೆ ಹೊರಡಿಸಬೇಕು ಎನ್ನುತ್ತದೆ. ಹಾನಗಲ್ ಪ್ರಕರಣದಲ್ಲಿ ಇದರಲ್ಲಿ ಎಷ್ಟು ನಡೆಯಿತು ಎಂಬುದನ್ನು, ಆ ಮಹಿಳೆಯ ಗುರುತು ಬಯಲಾಗದ ಹಾಗೆ, ಗೃಹ ಇಲಾಖೆ ಜನರಿಗೆ ಹೇಳಬಹುದು. ಹೇಳಲೇಬೇಕು.

ಸೋಲಿನ ಲೆಕ್ಕ ಕೇಳುವ ಮುನ್ನ ಮೊಕದ್ದಮೆ ಕೋರ್ಟಿನೊಳಗೆ ಹೇಗೆ ಬರುತ್ತದೆ ಎಂಬುದನ್ನು ತಿಳಿಯಬೇಕು. ಅಮೆರಿಕದ ಫೆಡರಲ್ ನ್ಯಾಯಾಲಯಗಳಲ್ಲಿ ಗಂಭೀರ ಅಪರಾಧವಾದರೆ ಸರ್ಕಾರಿ ವಕೀಲರು ಮೊದಲು ಗ್ರ್ಯಾಂಡ್ ಜ್ಯೂರಿಯ ಮುಂದೆ ಹೋಗಬೇಕು. 16ರಿಂದ 23 ಮಂದಿ ಸಾಮಾನ್ಯ ನಾಗರಿಕರು ಮುಚ್ಚಿದ ಬಾಗಿಲಿನ ಹಿಂದೆ ಕುಳಿತು ಸಾಕ್ಷ್ಯ ನೋಡುತ್ತಾರೆ. ಕನಿಷ್ಠ 12 ಮಂದಿ ಒಪ್ಪಿದರೆ ಮಾತ್ರ ಆರೋಪ ಮುಂದೆ ಹೋಗುತ್ತದೆ. ಬಹುಪಾಲು ಸಲ ಒಪ್ಪುತ್ತಾರೆ. ಆದರೆ 2025ರಲ್ಲಿ ವಾಷಿಂಗ್ಟನ್‌ನಂಥ ಕಡೆ ಒಂದರ ಹಿಂದೊಂದು ಪ್ರಕರಣಗಳಲ್ಲಿ ಜ್ಯೂರಿಗಳು ಒಪ್ಪದೆ ಸರ್ಕಾರವನ್ನು ಬರಿಗೈಯಲ್ಲಿ ಕಳಿಸಿದಾಗ ಆ ಹಳೆಯ ಪದ್ಧತಿಗೆ ಇನ್ನೂ ಹಲ್ಲುಂಟು ಎಂಬುದು ಗೊತ್ತಾಯಿತು. ಸರ್ಕಾರ ದ್ವೇಷದಿಂದ, ಹುರುಳಿಲ್ಲದೆ ಕೇಸು ನಡೆಸಿತ್ತು ಎಂದು ಸಾಬೀತಾದರೆ ಖುಲಾಸೆಯಾದವರ ವಕೀಲರ ಖರ್ಚನ್ನು ಸರ್ಕಾರದಿಂದ ಕೊಡಿಸುವ ಕಾನೂನನ್ನು ಅಲ್ಲಿ 1997ರಲ್ಲಿ ಮಾಡಿದ್ದಾರೆ. ಅಲ್ಲಿ ಎಲ್ಲವೂ ಸರಿಯಾಗಿದೆ ಎಂದಲ್ಲ. ಅಭಿಯೋಜಕರ ಮೇಲೆ ನಷ್ಟ ಪರಿಹಾರದ ದಾವೆ ಹೂಡುವ ದಾರಿಯನ್ನು ಅವರದೇ ಸುಪ್ರೀಂ ಕೋರ್ಟ್ 1976ರಲ್ಲಿ ಬಹುಮಟ್ಟಿಗೆ ಮುಚ್ಚಿಬಿಟ್ಟಿದೆ.

ನಮ್ಮಲ್ಲೂ ಕಂಪನಿ ಕಾಲದಲ್ಲಿ ಕಲ್ಕತ್ತ, ಮದ್ರಾಸು, ಮುಂಬಯಿಗಳಲ್ಲಿ ಗ್ರ್ಯಾಂಡ್ ಜ್ಯೂರಿ ಇತ್ತು. 1865ರಲ್ಲಿ ಅದನ್ನು ತೆಗೆದುಹಾಕಿದರು. ಆಗ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿದ್ದ ಹಾನಗಲ್ಲಿನ ರೈತನಿಗಾಗಲಿ, ನವಾಬರ ಆಡಳಿತದಲ್ಲಿದ್ದ ಸವಣೂರಿನ ನೇಕಾರನಿಗಾಗಲಿ ಅದರಿಂದ ಏನೂ ವ್ಯತ್ಯಾಸವಾಗಲಿಲ್ಲ, ಅದು ಬಿಳಿಯರ ಪಟ್ಟಣದ ಏರ್ಪಾಡು. ನಮ್ಮ ಊರುಗಳಿಗೆ ನಿಜವಾಗಿ ತಟ್ಟಿದ್ದು ಇನ್ನೊಂದು ಬದಲಾವಣೆ. 1973ರ ಮೊದಲು ಸೆಷನ್ಸ್ ಕೋರ್ಟಿಗೆ ಹೋಗಬೇಕಾದ ಪ್ರಕರಣವನ್ನು ತಾಲ್ಲೂಕಿನ ಮ್ಯಾಜಿಸ್ಟ್ರೇಟರು ಮೊದಲು ವಿಚಾರಿಸಿ, ಮೇಲ್ನೋಟಕ್ಕೆ ಹುರುಳಿದೆ ಎಂದು ಕಂಡರಷ್ಟೇ ಮುಂದೆ ಕಳಿಸುತ್ತಿದ್ದರು. ವಿಳಂಬ ತಪ್ಪಿಸಲೆಂದು 1973ರ ದಂಡ ಪ್ರಕ್ರಿಯಾ ಸಂಹಿತೆ ಆ ವಿಚಾರಣೆಯನ್ನು ಕೈಬಿಟ್ಟಿತು. ಈಗ ಕೊಲೆಯ ಚಾರ್ಜ್‌ಶೀಟ್ ಹಾನಗಲ್ ಕೋರ್ಟಿಗೆ ಬಂದರೆ, ಇದು ಸೆಷನ್ಸ್ ಕೋರ್ಟು ವಿಚಾರಿಸಬೇಕಾದ ಅಪರಾಧ ಎಂದು ನೋಡಿಕೊಂಡು, ಪ್ರತಿಗಳನ್ನು ಆರೋಪಿಗೆ ಕೊಟ್ಟು, ಮೇಲಕ್ಕೆ ಒಪ್ಪಿಸುವುದಷ್ಟೇ ಮ್ಯಾಜಿಸ್ಟ್ರೇಟರ ಕೆಲಸ.

ಜಳ್ಳು ತೂರಿ ಕಾಳು ಉಳಿಸುವ ಕೆಲಸ ಈಗ ಎರಡು ಕಡೆ ನಡೆಯಬೇಕು. ಒಂದು, ದೋಷಾರೋಪ ಹೊರಿಸುವ ಹಂತದಲ್ಲಿ ಸೆಷನ್ಸ್ ನ್ಯಾಯಾಧೀಶರ ಮುಂದೆ. ಸಾಕಷ್ಟು ಆಧಾರ ಇಲ್ಲದಿದ್ದರೆ ಆರೋಪಿಯನ್ನು ಅಲ್ಲೇ ಬಿಟ್ಟುಬಿಡುವ ಅಧಿಕಾರ ಅವರಿಗಿದೆ. ನ್ಯಾಯಾಧೀಶರು ಪೊಲೀಸರು ತಂದದ್ದನ್ನು ಹಾಗೇ ದಾಟಿಸುವ ಅಂಚೆ ಕಚೇರಿಯಲ್ಲ ಎಂದು ಸುಪ್ರೀಂ ಕೋರ್ಟ್ 1978ರಷ್ಟು ಹಿಂದೆಯೇ ಹೇಳಿದೆ. ಎರಡನೆಯದು ಅದಕ್ಕೂ ಮೊದಲು, ಅಭಿಯೋಜಕರ ಕಚೇರಿಯಲ್ಲಿ. ಹೊಸ ನಾಗರಿಕ ಸುರಕ್ಷಾ ಸಂಹಿತೆಯ 20ನೇ ಕಲಂ ಈ ಹೊಣೆಯನ್ನು ಹುದ್ದೆಯ ಹೆಸರು ಹಿಡಿದು ಹಂಚಿದೆ. ಹತ್ತು ವರ್ಷ ಮತ್ತು ಮೇಲ್ಪಟ್ಟ ಶಿಕ್ಷೆಯ ಪ್ರಕರಣಗಳ ಮೇಲ್ವಿಚಾರಣೆ ಅಭಿಯೋಗ ನಿರ್ದೇಶಕರದು. ಏಳರಿಂದ ಹತ್ತು ವರ್ಷದೊಳಗಿನ ಪ್ರಕರಣಗಳಲ್ಲಿ ಪೊಲೀಸ್ ವರದಿಯನ್ನು ಪರಿಶೀಲಿಸಬೇಕಾದವರು ಉಪನಿರ್ದೇಶಕರು. ಅದಕ್ಕಿಂತ ಕೆಳಗಿನವಕ್ಕೆ ಸಹಾಯಕ ನಿರ್ದೇಶಕರು. ಹಾಗಾಗಿ ಇನ್ನು ಮುಂದೆ ಕೇಸು ಬಿದ್ದಾಗ ‘ಅಯ್ಯೋ, ಚಾರ್ಜ್‌ಶೀಟೇ ಸರಿ ಇರಲಿಲ್ಲ’ ಎಂದು ಅಭಿಯೋಗ ಇಲಾಖೆ ಕೈ ಚೆಲ್ಲುವ ಹಾಗಿಲ್ಲ. ಸರಿ ಇಲ್ಲದ್ದು ಕೋರ್ಟಿಗೆ ಹೋಗುವಾಗ ನೀವೆಲ್ಲಿದ್ದಿರಿ ಎಂದು ಕೇಳಲು ಕಾನೂನೇ ಜಾಗ ಮಾಡಿಕೊಟ್ಟಿದೆ.

ಕೇಸು ಬೀಳುವುದು ಹೇಗೆ? ದೊಡ್ಡ ಪಿತೂರಿಯಿಂದ ಬೀಳುವುದು ಕಡಿಮೆ. ಬಹಳ ಸಲ ಬೀಳುವುದು ಪಂಚನಾಮೆಯಲ್ಲಿ. ನಮ್ಮ ಕಡೆಯ ಕೋರ್ಟುಗಳಲ್ಲಿ ಸ್ವಲ್ಪ ಹೊತ್ತು ಕುಳಿತವರೆಲ್ಲ ಇದನ್ನು ನೋಡಿರುತ್ತಾರೆ. ಗೋವಿನಜೋಳದ ಕಟಾವು ಬಿಟ್ಟು ಮುದ್ದತ್ತಿಗೆ ಬಂದ ಪಂಚ ಕಟಕಟೆಯಲ್ಲಿ ನಿಂತಿದ್ದಾನೆ. ಅಭಿಯೋಜಕರು ನಿಶಾನೆ ಪಿ-2 ಎಂದು ಗುರುತಾದ ಹಾಳೆಯನ್ನು ತೋರಿಸಿ ಸಹಿ ಯಾರದು ಎನ್ನುತ್ತಾರೆ. ‘ಸಹಿ ನಂದ ಐತ್ರಿ’ ಎನ್ನುತ್ತಾನೆ. ಎಲ್ಲಿ ಮಾಡಿದಿರಿ? ‘ಪೊಲೀಸ್ ಸ್ಟೇಷನ್‌ದಾಗ ಮಾಡಿಸ್ಕೊಂಡ್ರಿ.’ ಏನು ಬರೆದಿತ್ತು? ‘ಓದಿ ಹೇಳ್ಲಿಲ್ರಿ.’ ಈ ಕೊಡಲಿಯನ್ನು ನಿಮ್ಮ ಎದುರಿಗೆ ತೆಗೆದುಕೊಟ್ಟರೇ? ‘ನಾ ನೋಡಿಲ್ರಿ.’ ಅಭಿಯೋಜಕರು ಸಾಕ್ಷಿ ಪ್ರತಿಕೂಲ ಎಂದು ಪರಿಗಣಿಸಲು ಅನುಮತಿ ಕೇಳಿ ಪಾಟೀಸವಾಲು ಶುರು ಮಾಡುತ್ತಾರೆ. ಆರೋಪಿಗೆ ಸಹಾಯ ಮಾಡಲು ಸುಳ್ಳು ಹೇಳುತ್ತಿದ್ದೀರಿ ಎಂದರೆ? ‘ಸರಿಯಲ್ಲ.’ ಬೆರಳಚ್ಚುಗಾರರು ಅದನ್ನು ಅಚ್ಚಿಸಿ ಮುಗಿಸುವಷ್ಟರಲ್ಲಿ ಪ್ರಕರಣದ ಒಂದು ಕಂಬ ಕಳಚಿರುತ್ತದೆ. ಮೇಜಿನ ಮೇಲೆ ಅರಗಿನ ಮುದ್ರೆ ಒಡೆದ ಮುದ್ದೆಮಾಲು ಹಾಗೇ ಬಿದ್ದಿರುತ್ತದೆ.

ಪಂಚ ಉಲ್ಟಾ ಹೊಡೆದ ಎಂದು ಅವನನ್ನೇ ದೂರುವುದು ಸುಲಭ. ಆದರೆ ಅವನು ಹೇಳಿದ್ದು ನಿಜವಾಗಿದ್ದರೆ? ಆರೋಪಿ ಹೇಳಿದ ಜಾಗದಿಂದ ಆಯುಧ ವಶಪಡಿಸಿಕೊಳ್ಳುವ ಪಂಚನಾಮೆ ಹೇಗಿರಬೇಕು ಎಂಬುದನ್ನು ಸುಪ್ರೀಂ ಕೋರ್ಟ್ 2022ರ ಅಕ್ಟೋಬರ್‌ನಲ್ಲಿ ಕರ್ನಾಟಕದ್ದೇ ಒಂದು ಕೊಲೆ ಪ್ರಕರಣದಲ್ಲಿ ಬಿಡಿಸಿ ಹೇಳಿದೆ. ಇಬ್ಬರು ಸ್ವತಂತ್ರ ಪಂಚರನ್ನು ಮೊದಲು ಠಾಣೆಗೆ ಕರೆಸಬೇಕು. ಆರೋಪಿ ಅವರ ಎದುರಿಗೆ ತನ್ನ ಬಾಯಿಂದ ಹೇಳಬೇಕು. ಹೇಳಿದ್ದನ್ನು ಆದಷ್ಟೂ ಅವನ ಮಾತಿನಲ್ಲೇ ಬರೆದುಕೊಳ್ಳಬೇಕು. ಆಮೇಲೆ ಎಲ್ಲರೂ ಒಟ್ಟಿಗೆ ಆ ಜಾಗಕ್ಕೆ ಹೋಗಬೇಕು. ಇಷ್ಟನ್ನು ಮಾಡದ ಕಾರಣಕ್ಕೂ ಆ ಕೇಸಿನ ಆರೋಪಿ ಖುಲಾಸೆಯಾದ. ಇದರಲ್ಲಿ ಲಕ್ಷಾಂತರ ರೂಪಾಯಿ ಬೇಡುವ ಯಂತ್ರವಿಲ್ಲ. ಪೊಲೀಸರು ನಿಯಮದಂತೆ ಅರ್ಧ ದಿನ ಕೊಡಬೇಕು, ಅಷ್ಟೇ. ಆ ಅರ್ಧ ದಿನ ಇಲ್ಲ ಎಂಬುದೂ ಸುಳ್ಳಲ್ಲ. ಜಾತ್ರೆ ಬಂದೋಬಸ್ತು, ಸಚಿವರ ಪ್ರವಾಸ, ಗಣೇಶನ ಮೆರವಣಿಗೆ, ಚುನಾವಣೆ ಎಲ್ಲಕ್ಕೂ ಅದೇ ಪಿಎಸ್‌ಐ ಓಡಬೇಕು. ತನಿಖೆ ಉಳಿದ ಹೊತ್ತಿನ ಕೆಲಸ. ಹುಬ್ಬಳ್ಳಿ ಮೂಲದ ನ್ಯಾಯಮೂರ್ತಿ ವಿ.ಎಸ್. ಮಳಿಮಠರ ಸಮಿತಿ 2003ರಲ್ಲಿ ಕೊಟ್ಟ ವರದಿಯಲ್ಲಿ ತನಿಖೆಯನ್ನು ಕಾನೂನು ಸುವ್ಯವಸ್ಥೆಯಿಂದ ಬೇರ್ಪಡಿಸಿ ಎಂದಿತ್ತು. ಆ ವರದಿಯ ಎಲ್ಲವನ್ನೂ ನಾನು ಒಪ್ಪಲಾರೆ. ಸಂಶಯಾತೀತವಾಗಿ ಸಾಬೀತು ಮಾಡಬೇಕೆಂಬ ಕಟ್ಟುಪಾಡನ್ನೇ ಸಡಿಲಿಸಿ ಎಂಬ ಅವರ ಸಲಹೆ ಅಪಾಯದ್ದು, ಸರ್ಕಾರ ತನ್ನ ಕೆಲಸ ಕೆಡಿಸಿಕೊಂಡದ್ದಕ್ಕೆ ಆರೋಪಿಯ ಹಕ್ಕನ್ನು ಕುಗ್ಗಿಸುವ ದಾರಿ ಅದು. ಆದರೆ ತನಿಖೆಗೇ ಮೀಸಲಾದ ಪೊಲೀಸರು ಬೇಕೆಂಬ ಅವರ ಮಾತು ಅಂದೂ ಸರಿ, ಇಂದೂ ಸರಿ.

ಅವಸರದ ಇನ್ನೊಂದು ಮೂಲ ಗಡುವಿನಲ್ಲಿದೆ. ಬಂಧನದಲ್ಲಿರುವ ಆರೋಪಿಯ ಮೇಲೆ 60 ಅಥವಾ 90 ದಿನದೊಳಗೆ ಚಾರ್ಜ್‌ಶೀಟ್ ಹಾಕದಿದ್ದರೆ ಅವನಿಗೆ ಜಾಮೀನು ಹಕ್ಕಾಗಿ ಸಿಗುತ್ತದೆ. ಒಳ್ಳೆಯ ನಿಯಮವೇ, ವರ್ಷಗಟ್ಟಲೆ ಕೂಡಿಹಾಕುವುದನ್ನು ತಡೆಯಲು ಮಾಡಿದ್ದು. ಆದರೆ ಪ್ರಯೋಗಾಲಯದ ವರದಿ ಬಾರದೆಯೇ, ಗಡುವು ಮೀರಬಾರದೆಂದು ಅರೆಬೆಂದ ಚಾರ್ಜ್‌ಶೀಟ್ ಹಾಕುವುದು ಪರಿಪಾಠವಾಗಿಬಿಟ್ಟಿತು. ಅದು ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ಮೈಸೂರು ಜಿಲ್ಲೆಯಲ್ಲಿ ನಡೆದದ್ದನ್ನು ನೋಡಿ. ಕೊಡಗಿನ ಬುಡಕಟ್ಟು ಸಮುದಾಯದ ಕೂಲಿಕಾರರೊಬ್ಬರು 2020ರ ಕೊನೆಯಲ್ಲಿ ಹೆಂಡತಿ ಕಾಣೆಯಾಗಿದ್ದಾಳೆಂದು ಕುಶಾಲನಗರದಲ್ಲಿ ದೂರು ಕೊಟ್ಟರು. ಮುಂದಿನ ವರ್ಷ ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರ ಠಾಣೆಯ ವ್ಯಾಪ್ತಿಯಲ್ಲಿ ಅಸ್ಥಿಪಂಜರವೊಂದು ಸಿಕ್ಕಿತು. ಅದು ಹೆಂಡತಿಯದೇ, ಕೊಂದವನು ಗಂಡನೇ ಎಂದು ಪೊಲೀಸರು ನಿಶ್ಚಯಿಸಿದರು. ಡಿಎನ್‌ಎ ವರದಿ ಬರುವ ಮೊದಲೇ ಚಾರ್ಜ್‌ಶೀಟ್ ಹೋಯಿತು. ಮೂಳೆ ಆಕೆಯದಲ್ಲ ಎಂದು ವರದಿ ಬಂದ ಮೇಲೂ ಮೊಕದ್ದಮೆ ನಿಲ್ಲಲಿಲ್ಲ. ಸುಮಾರು ಒಂದೂವರೆ ವರ್ಷ ಆ ಮನುಷ್ಯ ಜೈಲಿನಲ್ಲಿದ್ದರು. 2025ರ ಏಪ್ರಿಲ್ 1ರಂದು ಮಡಿಕೇರಿಯ ಹೋಟೆಲೊಂದರಲ್ಲಿ ಆ ಹೆಂಡತಿ ಊಟ ಮಾಡುತ್ತ ಕುಳಿತದ್ದು ಪರಿಚಯದವರ ಕಣ್ಣಿಗೆ ಬಿತ್ತು.

ಮೈಸೂರಿನ ಸೆಷನ್ಸ್ ನ್ಯಾಯಾಲಯ ಅದೇ ತಿಂಗಳು ಅವರನ್ನು ಖುಲಾಸೆ ಮಾಡಿ, ಗೃಹ ಇಲಾಖೆಯಿಂದ ಒಂದು ಲಕ್ಷ ರೂಪಾಯಿ ಪರಿಹಾರ ಕೊಡಿಸಿತು, ತನಿಖೆ ಮಾಡಿದವರ ಮೇಲೆ ಕ್ರಮಕ್ಕೆ ಸೂಚಿಸಿತು. ಒಂದು ಕೆಳಹಂತದ ನ್ಯಾಯಾಲಯ ಸರ್ಕಾರದಿಂದ ಹಣ ಕಟ್ಟಿಸಿದ್ದೇ ಅಪರೂಪದ ಸಂಗತಿ. ಆದರೂ ಲೆಕ್ಕ ಹಾಕಿ. ಒಂದೂವರೆ ವರ್ಷಕ್ಕೆ ಒಂದು ಲಕ್ಷವೆಂದರೆ ದಿನಕ್ಕೆ 200 ರೂಪಾಯಿಯೂ ಬೀಳುವುದಿಲ್ಲ. ಉದ್ಯೋಗ ಖಾತ್ರಿಯಲ್ಲಿ ಹೊಂಡ ತೋಡಿದರೆ ಆ ವರ್ಷ ಕರ್ನಾಟಕದಲ್ಲಿ ದಿನಕ್ಕೆ 370 ರೂಪಾಯಿ ಕೂಲಿ ಇತ್ತು. ಕೊಲೆಗಾರ ಎಂಬ ಹೆಸರು ಹೊತ್ತು, ಮಕ್ಕಳನ್ನು ಹೊರಗೆ ಬಿಟ್ಟು ಜೈಲಿನಲ್ಲಿ ಕಳೆದ ದಿನಕ್ಕೆ ಅದರ ಅರ್ಧದಷ್ಟು. ಅವರು ಹೆಚ್ಚಿನ ಪರಿಹಾರ ಕೇಳಿ ಹೈಕೋರ್ಟ್ ಮೆಟ್ಟಿಲೇರಿದ್ದರಲ್ಲಿ ಆಶ್ಚರ್ಯವೇನಿದೆ?

ಹಾನಗಲ್ ಮತ್ತು ಬೆಟ್ಟದಪುರದ ಪ್ರಕರಣಗಳನ್ನು ಒಟ್ಟಿಗೆ ಇಡುವುದಕ್ಕೆ ಕಾರಣವಿದೆ. ಮೊಕದ್ದಮೆ ಸೋಲುವುದೆಂದರೆ ತಪ್ಪಿತಸ್ಥ ಪಾರಾಗುವುದು ಎಂದಷ್ಟೇ ನಾವು ತಿಳಿದಿದ್ದೇವೆ. ತಪ್ಪು ಮಾಡದವನನ್ನು ಕಟಕಟೆಗೆ ಎಳೆದದ್ದೂ ಸೋಲೇ. ಎರಡಕ್ಕೂ ಕಾರಣವಾಗುವುದು ಅದೇ ಕೆಟ್ಟ ತನಿಖೆ. ನಿರಪರಾಧಿಯನ್ನು ಹಿಡಿದು ಕೂಡಿಸಿದ ಕ್ಷಣದಿಂದ ನಿಜವಾದ ಅಪರಾಧಿಯನ್ನು ಹುಡುಕುವವರೇ ಇರುವುದಿಲ್ಲ. ಬೆಟ್ಟದಪುರದಲ್ಲಿ ಸಿಕ್ಕ ಅಸ್ಥಿಪಂಜರವೂ ಯಾರೋ ಒಬ್ಬರದು. ಆ ವ್ಯಕ್ತಿಯ ಮನೆಯವರು ಎಲ್ಲಿದ್ದಾರೋ, ಅವರಿಗೂ ನ್ಯಾಯ ಸಿಗಬೇಕಿತ್ತಲ್ಲ.

ಈ ಮಾತನ್ನು ಸುಪ್ರೀಂ ಕೋರ್ಟ್ 2014ರ ಜನವರಿ 7ರಂದು ಗುಜರಾತಿನ ಕಿಶನ್‌ಭಾಯಿ ಪ್ರಕರಣದ ತೀರ್ಪಿನಲ್ಲಿ ಹೇಳಿತ್ತು. ಅಹಮದಾಬಾದಿನ ಆರು ವರ್ಷದ ಬಾಲಕಿಯ ಅತ್ಯಾಚಾರ, ಕೊಲೆ. ಕೆಳ ನ್ಯಾಯಾಲಯ ಗಲ್ಲು ವಿಧಿಸಿತ್ತು, ಹೈಕೋರ್ಟ್ ಖುಲಾಸೆ ಮಾಡಿತ್ತು. ತನಿಖೆಯ ಲೋಪಗಳನ್ನು ಒಂದೊಂದಾಗಿ ಎಣಿಸಿದ ನ್ಯಾಯಮೂರ್ತಿಗಳಾದ ಸಿ.ಕೆ. ಪ್ರಸಾದ್ ಮತ್ತು ಜೆ.ಎಸ್. ಖೇಹರ್ ಖುಲಾಸೆಯನ್ನು ಎತ್ತಿಹಿಡಿಯದೆ ಬೇರೆ ದಾರಿಯಿಲ್ಲ ಎಂದರು. ಆದರೆ ಅಲ್ಲಿಗೇ ಬಿಡಲಿಲ್ಲ. ಪ್ರತಿ ರಾಜ್ಯದ ಗೃಹ ಇಲಾಖೆಯೂ ಪೊಲೀಸ್ ಮತ್ತು ಅಭಿಯೋಗ ಇಲಾಖೆಯ ಹಿರಿಯ ಅಧಿಕಾರಿಗಳ ಸ್ಥಾಯಿ ಸಮಿತಿ ರಚಿಸಬೇಕು, ಪ್ರತಿಯೊಂದು ಖುಲಾಸೆಯನ್ನೂ ಪರಿಶೀಲಿಸಿ ಸೋತದ್ದೇಕೆ ಎಂದು ಬರೆದಿಡಬೇಕು, ತಪ್ಪು ಕಣ್ತಪ್ಪೋ ಬೇಕೆಂದೇ ಮಾಡಿದ್ದೋ ಎಂದು ತೀರ್ಮಾನಿಸಬೇಕು, ಹೊಣೆಗೇಡಿಗಳ ಮೇಲೆ ಇಲಾಖಾ ವಿಚಾರಣೆ ನಡೆಸಬೇಕು, ಕಲಿತ ಪಾಠವನ್ನು ಹೊಸಬರ ತರಬೇತಿಗೆ ಸೇರಿಸಬೇಕು. ಇದೆಲ್ಲಕ್ಕೆ ಕೊಟ್ಟ ಅವಧಿ ಆರು ತಿಂಗಳು.

ಕರ್ನಾಟಕದಲ್ಲೂ ಖುಲಾಸೆ ಪರಿಶೀಲನಾ ಸಮಿತಿ ಎಂಬುದು ಇದೆ. ಅದರ ಹೆಸರು ಜನರ ಕಿವಿಗೆ ಬಿದ್ದದ್ದು 2023ರ ಜೂನ್ 16ರಂದು. 2012ರಲ್ಲಿ ಧರ್ಮಸ್ಥಳದ ಬಳಿ ನಡೆದ ವಿದ್ಯಾರ್ಥಿನಿಯ ಅತ್ಯಾಚಾರ, ಕೊಲೆ ಪ್ರಕರಣದಲ್ಲಿ ಬೆಂಗಳೂರಿನ ಸಿಬಿಐ ವಿಶೇಷ ನ್ಯಾಯಾಲಯ ಏಕೈಕ ಆರೋಪಿಯನ್ನು ಖುಲಾಸೆ ಮಾಡಿತು. ಮೊದಲ ಹಂತದ ತನಿಖೆಯಲ್ಲಿ ಲೋಪವೆಸಗಿದವರ ಮೇಲೆ ಕ್ರಮಕ್ಕಾಗಿ ವಿಷಯವನ್ನು ಈ ಸಮಿತಿಯ ಮುಂದಿಡಲು ಹೇಳಿತು. ಸ್ಥಳೀಯ ಪೊಲೀಸರು, ಸಿಐಡಿ, ಸಿಬಿಐ ಮೂರೂ ಕೈಹಾಕಿದ ಕೇಸು ಅದು. ಹನ್ನೊಂದು ವರ್ಷದ ಕೊನೆಗೆ ಉಳಿದದ್ದು ಮಗಳಿಗಾಗಿ ಕಾದ ಮನೆ, ಕೊಲೆಗಾರನೆಂಬ ಹೆಸರು ಹೊತ್ತು ವರ್ಷಗಳನ್ನು ಕಳೆದ ಒಬ್ಬ ಮನುಷ್ಯ.

ಇಂಥ ಸಮಿತಿಗಳ ದೋಷ ಒಂದೇ, ಆದರೆ ದೊಡ್ಡದು. ಪೊಲೀಸರ ತಪ್ಪನ್ನು ಪೊಲೀಸರು, ಅಭಿಯೋಜಕರ ತಪ್ಪನ್ನು ಅಭಿಯೋಜಕರು ಮುಚ್ಚಿದ ಕೋಣೆಯಲ್ಲಿ ಕುಳಿತು ನೋಡುತ್ತಾರೆ. ಪೆಟ್ಟು ತಿಂದವರಿಗೆ ಅಲ್ಲಿ ಕುರ್ಚಿಯಿಲ್ಲ, ಖುಲಾಸೆಯಾದವರಿಗೂ ಇಲ್ಲ. ಸಭೆಯ ತೀರ್ಮಾನವನ್ನು ಇಬ್ಬರಿಗೂ ತಿಳಿಸಬೇಕೆಂಬ ನಿಯಮವೂ ಇಲ್ಲ. ಹಿರೇಕೆರೂರಿನ ಒಬ್ಬ ತಾಯಿಗೆ ತನ್ನ ಮಗನ ಕೊಲೆ ಕೇಸು ಯಾಕೆ ಬಿತ್ತೆಂದು ತಿಳಿಸುವ ಒಂದು ಹಾಳೆಯನ್ನೂ ಸರ್ಕಾರ ಕಳಿಸುವುದಿಲ್ಲ. ಅವಳ ಪಾಲಿಗೆ ಬರುವುದು ‘ಖುಲಾಸೆ ಆತಂತ’ ಎಂಬ ಊರಿನ ಸುದ್ದಿಯಷ್ಟೇ.

ಹಾಗೆಂದು ನೊಂದವರು ನೇರವಾಗಿ ಅಧಿಕಾರಿಯನ್ನು ಕೋರ್ಟಿಗೆ ಎಳೆಯೋಣವೆಂದರೆ ದಾರಿ ಕಿರಿದು. ಕರ್ತವ್ಯದ ಭಾಗವಾಗಿ ಮಾಡಿದ ಕೆಲಸಕ್ಕೆ ಸರ್ಕಾರಿ ನೌಕರರ ಮೇಲೆ ಮೊಕದ್ದಮೆ ನಡೆಸಲು ಸರ್ಕಾರದ ಪೂರ್ವಾನುಮತಿ ಬೇಕು. ಕರ್ನಾಟಕ ಪೊಲೀಸ್ ಕಾಯ್ದೆಯ 170ನೇ ಕಲಂ ಇದಕ್ಕೆ ಇನ್ನೊಂದು ಬೇಲಿ ಹಾಕಿದೆ. ಪ್ರಾಮಾಣಿಕ ಅಧಿಕಾರಿಗೆ ಕಿರುಕುಳ ಆಗಬಾರದು ಎಂಬ ಉದ್ದೇಶ ನ್ಯಾಯವಾದದ್ದು. ಹೊಸ ಸಂಹಿತೆಯಲ್ಲಿ 120 ದಿನದೊಳಗೆ ಸರ್ಕಾರ ಉತ್ತರಿಸದಿದ್ದರೆ ಅನುಮತಿ ಸಿಕ್ಕಿದಂತೆ ಎಂದು ಸೇರಿಸಿರುವುದು ಒಳ್ಳೆಯದು. ಆಧಾರವಿಲ್ಲದೆ ಬಂಧಿಸಿದರೆ ಪರಿಹಾರ ಕೊಡಿಸುವ 399ನೇ ಕಲಂ ಒಂದಿದೆ. ಅದರ ಗರಿಷ್ಠ ಮೊತ್ತ 1,000 ರೂಪಾಯಿ! ಅದನ್ನೂ ಕೊಡಬೇಕಾದದ್ದು ಬಂಧನಕ್ಕೆ ಕಾರಣನಾದ ವ್ಯಕ್ತಿ, ಸರ್ಕಾರವಲ್ಲ.

ದೊಡ್ಡ ನ್ಯಾಯಾಲಯಗಳು ಆಗೊಮ್ಮೆ ಈಗೊಮ್ಮೆ ಕೈ ಹಿಡಿದಿವೆ. ಖುಲಾಸೆಯಾದ ಮೇಲೂ 14 ವರ್ಷ ಜೈಲಿನಲ್ಲೇ ಉಳಿದಿದ್ದ ಬಿಹಾರದ ರುದುಲ್ ಸಾಹ್‌ಗೆ 1983ರಲ್ಲಿ 35,000 ರೂಪಾಯಿ ಕೊಡಿಸಿದರು. ಇಸ್ರೊ ವಿಜ್ಞಾನಿ ನಂಬಿ ನಾರಾಯಣನ್ ಅವರಿಗೆ 2018ರಲ್ಲಿ 50 ಲಕ್ಷ. ಸುಪ್ರೀಂ ಕೋರ್ಟಿನವರೆಗೆ ಹೋಗಬಲ್ಲವರಿಗೆ ಮಾತ್ರ ಸಿಗುವ ನ್ಯಾಯವಾಯಿತು ಇದು. ಹಾಗಾಗಬಾರದೆಂದೇ ದೆಹಲಿ ಹೈಕೋರ್ಟಿನ ಕೋರಿಕೆಯ ಮೇಲೆ ಕಾನೂನು ಆಯೋಗ 2018ರ ಆಗಸ್ಟ್‌ನಲ್ಲಿ ತನ್ನ 277ನೇ ವರದಿ ಕೊಟ್ಟಿತು. ತಪ್ಪು ಮೊಕದ್ದಮೆಗೆ ಬಲಿಯಾದವರಿಗೆ ಪರಿಹಾರ ಕೇಳುವ ಶಾಸನಬದ್ಧ ಹಕ್ಕು, ಪ್ರತಿ ಜಿಲ್ಲೆಯಲ್ಲೂ ಅದಕ್ಕೆ ವಿಶೇಷ ನ್ಯಾಯಾಲಯ, ಕೊಟ್ಟ ಹಣವನ್ನು ತಪ್ಪಿತಸ್ಥ ಅಧಿಕಾರಿಯಿಂದ ವಸೂಲು ಮಾಡುವ ಅಧಿಕಾರ, ಎಲ್ಲವೂ ಅದರಲ್ಲಿತ್ತು. ಐದು ವರ್ಷದ ಬಳಿಕ ಮೂರು ಅಪರಾಧ ಕಾನೂನುಗಳನ್ನೂ ಬದಲಿಸಿದ ಸಂಸತ್ತು ಈ ಅಧ್ಯಾಯವನ್ನು ಮಾತ್ರ ಸೇರಿಸಲಿಲ್ಲ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ತಮಿಳುನಾಡಿನ ಪ್ರಕರಣವೊಂದರಲ್ಲಿ ಗಲ್ಲಿಗೆ ಗುರಿಯಾಗಿದ್ದವನನ್ನು ಖುಲಾಸೆ ಮಾಡುತ್ತ, ಇಂಥವರಿಗೆ ಪರಿಹಾರದ ಕಾನೂನು ಬೇಕಲ್ಲವೇ ಎಂಬ ವಿಷಯವನ್ನು ಮತ್ತೆ ಶಾಸಕಾಂಗಕ್ಕೆ ಬಿಟ್ಟಿತು.

ಇನ್ನೊಂದು ಸಂಗತಿ ಹೇಳದೆ ಇದು ಪೂರ್ತಿಯಾಗದು. ಸೋಲುವುದಕ್ಕೆ ಕಾಯದೆ ಸರ್ಕಾರವೇ ಮೊಕದ್ದಮೆಯಿಂದ ಹಿಂದೆ ಸರಿಯುವುದುಂಟು. 2022ರ ಹಳೇ ಹುಬ್ಬಳ್ಳಿ ಗಲಭೆಯೂ ಸೇರಿ 43 ಪ್ರಕರಣಗಳನ್ನು ಹಿಂಪಡೆಯಲು ರಾಜ್ಯ ಸರ್ಕಾರ 2024ರ ಅಕ್ಟೋಬರ್‌ನಲ್ಲಿ ಆದೇಶಿಸಿತು. 2025ರ ಮೇ ತಿಂಗಳಲ್ಲಿ ಹೈಕೋರ್ಟ್ ಆ ಆದೇಶವನ್ನು ರದ್ದುಪಡಿಸಿತು. ಯಾವ ಪಕ್ಷದ ಸರ್ಕಾರ ಬಂದರೂ ತನ್ನವರ ಮೇಲಿನ ಕೇಸು ಕೈಬಿಡುವ ಚಾಳಿ ತಪ್ಪಿಲ್ಲ. ಕೇಸು ಹಾಕುವಾಗ ಆಧಾರವಿರಲಿಲ್ಲವೇ, ಇದ್ದರೆ ಈಗ ಹಿಂಪಡೆಯುವುದೇಕೆ? ಈ ಎರಡರಲ್ಲಿ ಒಂದಕ್ಕಾದರೂ ಉತ್ತರ ಕೊಡದೆ ಹಿಂದೆ ಸರಿಯುವ ಹಕ್ಕು ಸರ್ಕಾರಕ್ಕಿಲ್ಲ ಎಂಬುದು ನನ್ನ ಅಭಿಪ್ರಾಯ.

ಹಾಗಾದರೆ ಆಗಬೇಕಾದದ್ದು ಏನು? ಸಂಸತ್ತಿನ ಕಾನೂನಿಗೆ ಕಾಯದೆ ರಾಜ್ಯ ಸರ್ಕಾರವೇ ನಾಳೆ ಮಾಡಬಹುದಾದ ಕೆಲಸವಿದೆ. ಖುಲಾಸೆ ಪರಿಶೀಲನಾ ಸಮಿತಿಯ ತೀರ್ಮಾನದ ಸಾರವನ್ನು ಫಿರ್ಯಾದಿಗೂ ಖುಲಾಸೆಯಾದವರಿಗೂ ಬರಹದಲ್ಲಿ ಕಳಿಸಲಿ. ಸಮಿತಿಯಲ್ಲಿ ನಿವೃತ್ತ ನ್ಯಾಯಾಧೀಶರೊಬ್ಬರು, ಇಲಾಖೆಗೆ ಸೇರದ ವಕೀಲರೊಬ್ಬರು ಇರಲಿ. ವರ್ಷಕ್ಕೊಮ್ಮೆ ಹಾನಗಲ್ ಠಾಣೆಯ ಇಷ್ಟು ಪ್ರಕರಣ ಪಂಚರು ತಿರುಗಿಬಿದ್ದು ಹೋದವು, ಶಿಗ್ಗಾವಿಯ ಇಷ್ಟು ಪ್ರಕರಣ ಪ್ರಯೋಗಾಲಯದ ವರದಿ ತಡವಾಗಿ ಹೋದವು, ಸವಣೂರಿನಲ್ಲಿ ಇಷ್ಟು ಜನರನ್ನು ಆಧಾರವಿಲ್ಲದೆ ಕಟಕಟೆಗೆ ತಂದೆವು ಎಂದು ಠಾಣೆವಾರು ಪ್ರಕಟಿಸಲಿ. ಹೆಸರು ಬೇಡ, ಕಾರಣ ಸಾಕು. ಶಿಕ್ಷೆಯಾಗುವ ಪ್ರಕರಣಗಳ ಪ್ರಮಾಣ ಹೆಚ್ಚಿಸಿ ಎಂದು ಒತ್ತಡ ಹೇರಿದರೆ ಪೊಲೀಸರು ಸುಳ್ಳು ಸಾಕ್ಷ್ಯ ಹುಟ್ಟಿಸಿಯಾರು. ಕಾರಣ ಬಿಚ್ಚಿಡಿ ಎಂದರೆ ಮುಂದಿನ ಪಂಚನಾಮೆಯಾದರೂ ಜಾಗದಲ್ಲೇ ಕುಳಿತು ಬರೆದಾರು.

ಓದುಗರಲ್ಲಿ ಇಂಥ ಕೇಸಿನ ಎರಡು ಬದಿಯವರೂ ಇರಬಹುದು, ಅವರಿಗೆ ಕೆಲವು ಮಾತು. ದೂರು ಕೊಟ್ಟವರಿಗೆ ತನಿಖೆ ಎಲ್ಲಿಗೆ ಬಂತೆಂದು 90 ದಿನದೊಳಗೆ ತಿಳಿಸುವುದು ಈಗ ಪೊಲೀಸರ ಕಾನೂನುಬದ್ಧ ಕರ್ತವ್ಯ, ಕೇಳಿ ಪಡೆಯಿರಿ. ಖುಲಾಸೆಯಾದರೆ ಸರ್ಕಾರ ಮೇಲ್ಮನವಿ ಹೋಗದಿದ್ದರೂ ನೊಂದವರು ತಾವೇ ಹೋಗಬಹುದು, ಅದಕ್ಕೆ ವಿಶೇಷ ಅನುಮತಿಯೂ ಬೇಡ. ಬಾಗಲಕೋಟೆಯ ಸೆಷನ್ಸ್ ನ್ಯಾಯಾಲಯದಲ್ಲಿ ಬಿದ್ದ ಪ್ರಕರಣವೊಂದರ ನೊಂದವರು ಧಾರವಾಡ ಪೀಠದಲ್ಲಿ ಸೋತು, ದೆಹಲಿಯವರೆಗೆ ಹೋಗಿ 2018ರ ಅಕ್ಟೋಬರ್‌ನಲ್ಲಿ ಗೆದ್ದುಕೊಟ್ಟ ಹಕ್ಕು ಇದು. ಖುಲಾಸೆಯಾದವರು ತೀರ್ಪಿನ ಪ್ರತಿ ತೆಗೆದುಕೊಂಡು, ತನಿಖೆಯ ಬಗ್ಗೆ ನ್ಯಾಯಾಧೀಶರು ಬರೆದ ಸಾಲುಗಳಿಗೆ ಗುರುತು ಹಾಕಿ, ಪರಿಶೀಲನಾ ಸಮಿತಿ ಏನು ಮಾಡಿತೆಂದು ಮಾಹಿತಿ ಹಕ್ಕಿನಡಿ 10 ರೂಪಾಯಿ ಕಟ್ಟಿ ಹಾವೇರಿಯ ಎಸ್ಪಿ ಕಚೇರಿಗೆ ಅರ್ಜಿ ಹಾಕಿ. ವಕೀಲರಿಗೆ ಕೊಡಲು ದುಡ್ಡಿಲ್ಲದವರಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿ ಕೋರ್ಟಿನ ಆವರಣದಲ್ಲೇ ಇದೆ. ಉಚಿತ ಸಹಾಯವಾಣಿಯ ಸಂಖ್ಯೆ 15100.